ಮಂಜು ಹಿಡಿದ ಮಿಗ್

ಚಿಮಟದ ತುದಿಯಲ್ಲಿದ್ದ ಕ್ಯಾನೊಪಿ ‘ಟಿಕ್’ ಎಂದಿತು. ಮರುಕ್ಷಣ ಚಿಮಟ ಇತ್ತು, ಮುತ್ತುರಾಜ್ ಇದ್ದ, ಕ್ಯಾನೊಪಿ ಮಾತ್ರ ಇರಲಿಲ್ಲ.

ಕ್ಯಾನೊಪಿ ಎಂದರೆ ಯುದ್ಧವಿಮಾನದಲ್ಲಿ ಪೈಲಟ್‌ನ ತಲೆಯ ಮೇಲೆ ಮುಚ್ಚಿಕೊಳ್ಳುವ ಗಾಜಿನ ಮುಚ್ಚಳ. ಮುತ್ತುರಾಜನದು ಗೇಣುದ್ದದ ಪ್ಲಾಸ್ಟಿಕ್ ಮಿಗ್ ವಿಮಾನವಾದ್ದರಿಂದ ಅದರ ಮುಚ್ಚಳ ಹುಣಸೆಬೀಜದಷ್ಟಿತ್ತು. ಹುಣಸೆಬೀಜವಾದರೂ ಕಪ್ಪಗೆ ಕಣ್ಣಿಗೆ ಬೀಳುತ್ತದೆ. ಇದು ನೀರಿನಷ್ಟು ಪಾರದರ್ಶಕ. ಅಂಥದ್ದು ಸುಣ್ಣದ ಚುಕ್ಕಿ, ಕಪ್ಪು ಚುಕ್ಕಿ, ಕಂದು ಚುಕ್ಕಿಗಳ ಮೊಸಾಯಿಕ್ ನೆಲದ ಮೇಲೆ ಎಲ್ಲೋ ಬಿದ್ದಿತ್ತು.

ಮುತ್ತುರಾಜ್ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬೋಲ್ಟು ಪರೀಕ್ಷಿಸುವವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ‘ರಿಜೆಕ್ಟ್’ ಎಂದು ಪಕ್ಕಕ್ಕೆ ಎಸೆಯುವುದು ಅವನ ಕೆಲಸ. ಮನೆಗೆ ಬಂದಮೇಲೂ ಆ ಕೂದಲೆಳೆಯ ಚಟ ಅವನನ್ನು ಬಿಡುತ್ತಿರಲಿಲ್ಲ. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ವಿಮಾನ ಮಾಡುವುದು ಅವನ ಹವ್ಯಾಸ. ವಿಮಾನದ ಎರಡು ಹೋಳುಗಳು ಒಂದಕ್ಕೊಂದು ಸರಿಯಾಗಿ ಕೂತು ನಡುವಿನ ಗೆರೆ ಮಾಯವಾಗುವ ಗಳಿಗೆಗಾಗಿ ಅವನು ವಾರಗಟ್ಟಲೆ ಕಾಯಬಲ್ಲ. ಈ ಮಿಗ್ಗಿನಲ್ಲಂತೂ ಪೈಲಟ್ ಕೂರುವ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಮೀಟರುಗಳಿದ್ದವು. ಅವುಗಳ ಮುಳ್ಳುಗಳನ್ನು ಕೂಡ ಉಸಿರು ಬಿಗಿಹಿಡಿದು ಸಣ್ಣ ಬ್ರಷ್ಷಿನಲ್ಲಿ ಬರೆದಿದ್ದ. ಆ ಹೊತ್ತಿನಲ್ಲಿ ಕುಕ್ಕರ್ ಕೂಗಿತೆಂದು ಹೆಂಡತಿಯ ಜೊತೆ ಜಗಳವನ್ನೂ ಆಡಿದ್ದ.

ಹೆಂಡತಿ ಸುಶ್ಮಿತಾಳ ಸಹನೆ ಬಹಳ ದಿನದಿಂದ ತುದಿಗೆ ಬಂದು ನಿಂತಿತ್ತು. ಬಟವಾಡಿಯ ಆ ಬಾಡಿಗೆ ಮನೆಯ ಊಟದ ಮೇಜು ವಿಮಾನ ನಿಲ್ದಾಣವಾಗಿ, ಗಂಡ ಹೆಂಡತಿ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಸಾರಿನಲ್ಲೂ ಬಣ್ಣ ತೆಳುಮಾಡುವ ಥಿನ್ನರಿನ ವಾಸನೆ ಬರುತ್ತದೆ ಎಂಬುದು ಅವಳ ದೂರು. ಕೊನೆಗೆ ಅವಳೇ ಒಂದು ರಾಜಿಗೆ ಬಂದಿದ್ದಳು.

“ನೋಡಿ, ಇನ್ನು ನಾಲ್ಕು ತಿಂಗಳಿಗೆ ಅಪ್ಪಂಗೆ ಎಪ್ಪತ್ತೈದು ತುಂಬ್ತದೆ. ಅವ್ರು ಏರ್‌ಫೋರ್ಸಲ್ಲಿ ಇದ್ದಿದ್ದು ಈ ಮಿಗ್ ವಿಮಾನದ ಜೊತೇಲೇ. ಅದ್ನ ಮಾಡ್ಕೊಡಿ. ಅಪ್ಪ ಚೆನ್ನಾಗೈತೆ ಅಂದ್ರೆ ಹಿಂದುಗಡೆ ರೂಮು ಖಾಲಿ ಮಾಡಿ ನಿಮ್ಗೇ ಬಿಟ್ಕೊಡ್ತೀನಿ. ಅಪ್ಪ ಮುಖ ಸಿಂಡರಿಸಿದ್ರೆ ನಿಮ್ ಡಬ್ಬಿ, ಬಣ್ಣ, ಅಂಟು ಎಲ್ಲಾ ಗುಜರಿಗೆ.”

ಮಾವ ಆಂಜನಪ್ಪನವರು ಮುಖ ಸಿಂಡರಿಸದೆ ಒಪ್ಪಿಕೊಂಡ ವಸ್ತುವನ್ನು ಮುತ್ತುರಾಜ್ ಇದುವರೆಗೆ ಕಂಡಿರಲಿಲ್ಲ. ಮುಖ ಸಿಂಡರಿಸಿದವುಗಳ ಪಟ್ಟಿಯಲ್ಲಿ ಅಳಿಯನೂ ಇದ್ದ. ಏರ್‌ಫೋರ್ಸಿನಿಂದ ನಿವೃತ್ತರಾಗಿ ಕುಣಿಗಲ್ಲಿನಲ್ಲಿ ನೆಲೆಸಿದ್ದ ಅವರ ಬಾಯಿಂದ ವಿಮಾನದ ಸುದ್ದಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅಂಥವರ ಕಣ್ಣಿಗೆ ಒಂದು ಮೊಳೆ ತಪ್ಪಿದ್ದರೂ ಬೀಳುತ್ತದೆಂದು ಮುತ್ತುರಾಜ್ ತಿಂಗಳುಗಟ್ಟಲೆ ಹೆಣಗಿದ್ದ. ಈಗ ಉಳಿದಿದ್ದು ಕ್ಯಾನೊಪಿ ಒಂದೇ. ಸುಶ್ಮಿತಾ ಅಡುಗೆಗೆ ನೆರವಾಗಲು ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಇವತ್ತು ಮಧ್ಯಾಹ್ನ ಹುಟ್ಟುಹಬ್ಬದ ಊಟಕ್ಕೆ ವಿಮಾನ ಕುಣಿಗಲ್ಲಿನಲ್ಲಿ ಇಳಿಯಬೇಕಿತ್ತು.

ಮುತ್ತುರಾಜ್ ಮಂಡಿಯೂರಿ ಮೇಜಿನಡಿ ನುಗ್ಗಿದ. ಕುರ್ಚಿಗಳನ್ನು ಎಳೆದ. ಆ ಸದ್ದಿಗೆ ಕೆಳಗಿನ ಮನೆಯಲ್ಲೇ ಇದ್ದ ಮಾಲೀಕ ಬೆಟ್ಟಸ್ವಾಮಿ ಮೆಟ್ಟಿಲೇರಿ ಬಂದರು. ರಿಟೈರಾದ ಮೇಲೆ ಆ ಬೀದಿಯ ಮಿಕ್ಸಿ, ಕೊಡೆ, ಚಪ್ಪಲಿ ಎಲ್ಲಕ್ಕೂ ತಾವೇ ಡಾಕ್ಟರೆಂದು ಅವರು ತಿಳಿದಿದ್ದರು.

“ಏನ್ರೀ ಮುತ್ತುರಾಜ್, ಮನೆ ಖಾಲಿ ಮಾಡ್ತಿದೀರಾ?”

“ಇಲ್ಲ ಸಾರ್, ಒಂದು ಸಣ್ಣ ಐಟಮ್ ಬಿದ್ದೋಯ್ತು. ಗಾಜಿನ ಥರ ಹೊಳೆಯೋದು. ಅಲ್ಲೇ ನಿಂತ್ಕೊಳಿ, ತುಳಿದ್‌ಬಿಡ್ತೀರ!”

ಬೆಟ್ಟಸ್ವಾಮಿ ನಿಂತುಕೊಂಡರು. ಆದರೆ ಅವರ ಹಿಂದೆಯೇ ಬಂದಿದ್ದ ಎದುರು ಮನೆಯ ರಂಗಮ್ಮ ನಿಲ್ಲಲಿಲ್ಲ.

“ಸಣ್ಣದಾ? ಹೊಳಿಯೋದಾ? ಅಯ್ಯೋ ನಮ್ಮವ್ವ, ಸುಶ್ಮಿತನ ವಜ್ರದ ಮೂಗುಬೊಟ್ಟು ಕಳೆದಾಕ್ಬುಟ್ಯಾ?”

“ಮೂಗುಬೊಟ್ಟಲ್ಲ ರಂಗಮ್ಮ, ವಿಮಾನದ್ದು...”

“ಸುಮ್ಕಿರು, ನಂತಾವ ಯಾಕ್ ಮುಚ್ಚಿಡ್ತೀಯ. ಗಾಬರಿ ಆಗ್ಬ್ಯಾಡ, ಹುಡುಕಿ ಕೊಡ್ತೀನಿ.”

ರಂಗಮ್ಮ ಸೆರಗು ಸಿಕ್ಕಿಸಿ ಪೊರಕೆ ಹಿಡಿದರು. ಬೆಟ್ಟಸ್ವಾಮಿ ಟಾರ್ಚು ತಂದು, ಬೋರಲು ಮಲಗಿ ಫ್ರಿಜ್ಜಿನ ಕೆಳಗೆ ಕೈ ತೂರಿಸಿದರು. ಪೊರಕೆಗೆ ಒಂದು ಬಳೆ ಚೂರು, ಎರಡು ಕಡಲೆಕಾಯಿ ಬೀಜ, ಹಳೆಯ ವಿಮಾನವೊಂದರ ಚಕ್ರ ಸಿಕ್ಕವು. ಆ ಚಕ್ರವನ್ನು ಮುತ್ತುರಾಜ್ ಎರಡು ವರ್ಷದಿಂದ ಹುಡುಕುತ್ತಿದ್ದ. ಇವತ್ತು ಅದನ್ನು ನೋಡಿ ಸಂತೋಷಪಡುವ ಸ್ಥಿತಿಯಲ್ಲಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಸುಶ್ಮಿತಾ.

“ರೀ, ರಂಗಮ್ಮ ಫೋನ್ ಮಾಡಿದ್ರು. ನನ್ ಮೂಗುಬೊಟ್ಟು ಕಳೆದಾಕಿದೀರಂತೆ?”

ಮುತ್ತುರಾಜ್ ತಿರುಗಿ ನೋಡಿದ. ಬಾಲ್ಕನಿಯಿಂದ ಒಳಗೆ ಬರುತ್ತಿದ್ದ ರಂಗಮ್ಮ ಸೊಂಟಕ್ಕೆ ಫೋನು ಸಿಕ್ಕಿಸಿಕೊಳ್ಳುತ್ತಿದ್ದರು.

“ಇಲ್ಲ ಕಣೇ, ಅವ್ರು ತಪ್ಪು ತಿಳ್ಕೊಂಡವ್ರೆ...”

“ನನ್ ಮೂಗುಬೊಟ್ಟು ನನ್ ಮೂಗಲ್ಲೇ ಐತೆ. ಹಂಗಾದ್ರೆ ನಮ್ಮನೇಲಿ ನೀವು ಹುಡುಕ್ತಿರೋದು ಯಾರ್ ಮೂಗಿಂದು?”

ಈ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುವ ಹೊತ್ತಿಗೆ ಮುತ್ತುರಾಜನ ಅಂಗಿ ಬೆವರಿನಲ್ಲಿ ನೆನೆದಿತ್ತು. ಬೆವರಿದವನು ಅವನೊಬ್ಬನೇ ಅಲ್ಲ. ಫ್ರಿಜ್ಜಿನಡಿಯಿಂದ ಮೇಲೆದ್ದು ಸೊಂಟ ನೆಟ್ಟಗೆ ಮಾಡಿಕೊಂಡ ಬೆಟ್ಟಸ್ವಾಮಿಯವರ ಮೊಣಕೈಗೆ ಏನೋ ಅಂಟಿಕೊಂಡು ಮಿಂಚುತ್ತಿತ್ತು.

“ಸಾರ್, ಅಲ್ಲಾಡ್ಬೇಡಿ!” ಎಂದು ಮುತ್ತುರಾಜ್ ಕೂಗಿಕೊಂಡ. ಬೆಟ್ಟಸ್ವಾಮಿ ಹಾವು ಕಂಡವರಂತೆ ಕಲ್ಲಾದರು. ಚಿಮಟದಿಂದ ಮೊಣಕೈಯ ಮೇಲಿನ ಕ್ಯಾನೊಪಿಯನ್ನು ಎತ್ತಿದಾಗ ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಮುತ್ತುರಾಜನಿಗೆ ಬೆಟ್ಟಸ್ವಾಮಿಯವರನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಕ್ಯಾನೊಪಿಯನ್ನು ವಿಮಾನದ ಮೇಲೆ ಕೂರಿಸಿ, ಗಾಜಿಗೆಂದೇ ಇಟ್ಟಿದ್ದ ಬೇರೆ ಅಂಟನ್ನು ತರಲು ಒಳಗೆ ಹೋದ.

ಹೊರಗೆ ಬಂದಾಗ ಬೆಟ್ಟಸ್ವಾಮಿ ಅಂಗಿ ಜೇಬಿನಿಂದ ಒಂದು ಸಣ್ಣ ಟ್ಯೂಬು ತೆಗೆದು, ಅಂಟಿಸಿ ಮುಗಿಸಿ, ಮುಚ್ಚಳ ಹಾಕುತ್ತಿದ್ದರು.

“ಹಾಕ್‌ಬಿಟ್ಟೆ ಕಣ್ರೀ. ದಿಢೀರ್ ಅಂಟು. ಇನ್ನು ಆನೆ ಎಳೆದ್ರೂ ಬರಲ್ಲ.”

“ಸಾರ್, ಅದು ಗಾಜಿಗೆ ಹಾಕ್ಬಾರ್ದು...” ಎನ್ನುವಷ್ಟರಲ್ಲಿ ಕ್ಯಾನೊಪಿಯ ಅಂಚಿನಿಂದ ಬೆಳ್ಳಗೆ ಹೊಗೆಯಂಥದ್ದು ಮೇಲೇರತೊಡಗಿತು. ನೋಡನೋಡುತ್ತ ಪಾರದರ್ಶಕ ಮುಚ್ಚಳ ಪೊರೆ ಬಂದ ಕಣ್ಣಾಯಿತು. ಒಳಗಿನ ಮೀಟರುಗಳು, ಅವುಗಳ ಮುಳ್ಳುಗಳು, ಕುಕ್ಕರಿನ ಜಗಳ, ಎಲ್ಲವೂ ಆ ಮಬ್ಬಿನ ಹಿಂದೆ ಮುಳುಗಿಹೋದವು.

“ಒರೆಸಿದ್ರೆ ಹೋಯ್ತದೆ” ಎಂದು ಬೆಟ್ಟಸ್ವಾಮಿ ಪಂಚೆಯ ಅಂಚಿನಿಂದ ಒರೆಸಿದರು. ಮಬ್ಬು ಹೋಗಲಿಲ್ಲ. ಪಂಚೆಯ ಎರಡು ಎಳೆ ಅಲ್ಲೇ ಉಳಿದವು.

“ಏನೂ ಆಗಲ್ಲ ಬುಡು” ಎಂದು ರಂಗಮ್ಮ ಸಮಾಧಾನ ಹೇಳಿದರು. ಮೂಗುಬೊಟ್ಟಲ್ಲದ ಈ ವಸ್ತುವಿನ ಮೇಲೂ ಅವರಿಗೆ ಈಗ ಮಮತೆ ಬಂದಿತ್ತು. “ಹೊಸಾ ಗಾಡಿ, ದೂರ ಹೋಗ್ತೈತೆ” ಎನ್ನುತ್ತ ದೇವರ ಗೂಡಿನಿಂದ ಕುಂಕುಮ ತಂದು ಮಿಗ್ಗಿನ ಮೂತಿಗೆ ಒತ್ತಿದರು. ಮೂತಿಯ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಕುಂಕುಮ ಹೆಬ್ಬೆರಳಿನ ಗುರುತಿನ ಸಮೇತ ಕಚ್ಚಿಕೊಂಡಿತು.

ಮುತ್ತುರಾಜನಿಗೆ ಅಳುವುದಕ್ಕೂ ಹೊತ್ತಿರಲಿಲ್ಲ. ಮೂತಿಯ ಬಣ್ಣ ಹಸಿಯಿದ್ದುದರಿಂದ ವಿಮಾನವನ್ನು ಡಬ್ಬಿಯೊಳಗೆ ಇಡುವಂತಿರಲಿಲ್ಲ. ಒಂದು ರಟ್ಟಿನ ಮೇಲೆ ನಿಲ್ಲಿಸಿ, ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟ.

ಕುಣಿಗಲ್ ಬಸ್ಸಿನಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು. ಪಕ್ಕದಲ್ಲಿ ಎಳನೀರು, ತೆಂಗಿನಕಾಯಿ ಚೀಲ ಹೊತ್ತ ಹೆಂಗಸೊಬ್ಬರು ಕೂತರು.

“ಏನಪ್ಪ ಅದು, ಇಮಾನವಾ?”

“ಹೂಂ ಅಮ್ಮ.”

“ಹಾರ್ತದಾ?”

“ಇಲ್ಲ.”

“ಬ್ಯಾಟ್ರಿ ಹಾಕಿದ್ರೆ?”

“ಹಾಕಿದ್ರೂ ಹಾರಲ್ಲ.”

“ಮತ್ಯಾಕಪ್ಪ ಮಾಡ್ದೆ?”

ಈ ಪ್ರಶ್ನೆಯನ್ನು ಸುಶ್ಮಿತಾ ಹಲವು ಸಲ ಕೇಳಿದ್ದಳು. ಮುತ್ತುರಾಜ್ ರಟ್ಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಕಂಡಕ್ಟರು ಬಂದು, “ವಿಮಾನ ಇಟ್ಕೊಂಡು ಬಸ್ಸಲ್ಲಿ ಯಾಕ್ ಸಾರ್ ಹೋಗ್ತಿದೀರ?” ಎಂದಾಗ ಹಿಂದಿನ ಸೀಟಿನವರೂ ನಕ್ಕರು. ಹೆಬ್ಬೂರು ದಾಟಿದ ಮೇಲೆ ಡ್ರೈವರಿನ ಕಣ್ಣಿಗೆ ಒಂದು ಹಂಪು ಬೀಳಲಿಲ್ಲ. ಬಸ್ಸು ಎಗರಿತು. ಚೀಲದ ಬಾಯಿಂದ ಒಂದು ತೆಂಗಿನಕಾಯಿ ಹಾರಿ ರಟ್ಟಿನ ತುದಿಗೆ ಬಡಿಯಿತು. ಮುತ್ತುರಾಜ್ ರೆಕ್ಕೆಗಳನ್ನು ಕಾಪಾಡಿಕೊಂಡ. ಆದರೆ ಮುಂದಿನ ಚಕ್ರದ ಕಾಲು ಮಡಚಿ, ಮಿಗ್ಗು ನೆಲ ಮೂಸುವ ನಾಯಿಯಂತೆ ಮುಂದಕ್ಕೆ ಬಾಗಿ ನಿಂತಿತು.

“ಅಯ್ಯೋ, ಕೂತ್ಕಂತು ನೋಡು” ಎಂದರು ಆ ಹೆಂಗಸು.

ಕುಣಿಗಲ್ಲಿನ ಕೆರೆ ಏರಿಯ ಹತ್ತಿರ ಇಳಿದು ಮಾವನ ಮನೆಯತ್ತ ನಡೆಯುವಾಗ ಮುತ್ತುರಾಜ್ ಮನಸ್ಸಿನಲ್ಲೇ ತನ್ನ ಬಣ್ಣದ ಡಬ್ಬಿಗಳನ್ನು ಗುಜರಿಗೆ ಹಾಕಿಯಾಗಿತ್ತು. ಅವನೇ ಕಾರ್ಖಾನೆಯಲ್ಲಿ ಕೂತಿದ್ದರೆ ಇಂಥ ಮಾಲನ್ನು ಮುಟ್ಟಿಯೂ ನೋಡುತ್ತಿರಲಿಲ್ಲ.

ನಡುಮನೆಯಲ್ಲಿ ನೆಂಟರು ತುಂಬಿದ್ದರು. ಆಂಜನಪ್ಪನವರು ಬಿಳಿ ಮೀಸೆ ತೀಡಿ, ಇಸ್ತ್ರಿ ಅಂಗಿ ಹಾಕಿ, ಪರೇಡಿಗೆ ನಿಂತವರಂತೆ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ತಮ್ಮನ ಮಗ ರವೀಶ್ ಇದ್ದ. ಅವನು ಗುಬ್ಬಿ ಹತ್ತಿರದ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಅವನನ್ನು ಕಂಡೊಡನೆ ಮುತ್ತುರಾಜ್ ವಿಮಾನವನ್ನು ನಡುವಿನ ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಬಲ್ಲವರು ಒಬ್ಬರಲ್ಲ, ಇಬ್ಬರು.

ಸುಶ್ಮಿತಾ ವಿಮಾನ ನೋಡಿದಳು. ಗಂಡನ ಮುಖ ನೋಡಿದಳು. ಮತ್ತೆ ವಿಮಾನ ನೋಡಿದಳು. ಆ ನೋಟ ಬೈದಿದ್ದಕ್ಕಿಂತ ಹೆಚ್ಚು ಭಯ ಹುಟ್ಟಿಸುವಂತಿತ್ತು.

“ಭಾವ, ಇದೇನಿದು ಕ್ಯಾನೊಪಿ ಹಿಂಗಾಗಿದೆ?” ರವೀಶ್ ಬಗ್ಗಿ ನೋಡಿ ನಕ್ಕ. “ಪೈಲಟ್ ಒಳಗೆ ಕೂತು ಬೀಡಿ ಸೇದಿದಂಗೈತೆ. ಮುಂದಿನ ಕಾಲು ಬೇರೆ ಸೊಟ್ಟ! ದೊಡ್ಡಪ್ಪ, ನೀವೇ ನೋಡಿ.”

ಆಂಜನಪ್ಪನವರು ಕನ್ನಡಕ ಏರಿಸಿ ಎದ್ದರು. ನೆಂಟರು ದಾರಿ ಬಿಟ್ಟರು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಿಗ್ಗಿಗೆ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಮುತ್ತುರಾಜ್ ಕಣ್ಣು ಮುಚ್ಚಿಕೊಂಡ.

“ಲೋ ರವೀಶ,” ಎಂದರು ಆಂಜನಪ್ಪ, “ನೀನು ಹೆಲಿಕಾಪ್ಟರ್ ಮನುಷ್ಯ ಕಣೋ. ಜೆಟ್ ವಿಷ್ಯ ನಿಂಗೇನ್ಲಾ ಗೊತ್ತು?”

ಮುತ್ತುರಾಜ್ ಕಣ್ಣು ಬಿಟ್ಟ.

“ನಾನಿದ್ದ ಅಂಬಾಲಾ ಏರ್‌ಬೇಸಲ್ಲಿ ಡಿಸೆಂಬರ್ ತಿಂಗಳ ಬೆಳಗ್ಗೆ ಹೆಂಗಿರ್ತದೆ ನೋಡಿದೀಯಾ? ಮಂಜು! ಎಲ್ಲಾ ವಿಮಾನದ ಗಾಜೂ ಹಿಂಗೇ, ಸೇಮ್ ಹಿಂಗೇ ಬೆಳ್ಳಗಾಗಿರ್ತಿತ್ತು. ನಮ್ಮ ಅಳಿಯಂದ್ರು ಆ ಮಂಜನ್ನೂ ಬಿಟ್ಟಿಲ್ಲ ನೋಡು!” ಅವರು ಚಕ್ರದ ಕಡೆ ಬೆರಳು ತೋರಿಸಿದರು. “ಇನ್ನು ಈ ಮುಂದಿನ ಕಾಲು. ಹೊಟ್ಟೆ ತುಂಬಾ ಪೆಟ್ರೋಲ್ ಕುಡಿದ ಮೇಲೆ ವಿಮಾನ ಬಾಗಲ್ವೇನೋ? ಭಾರಕ್ಕೆ ಹಿಂಗೇ ಬಾಗೋದು.”

“ದೊಡ್ಡಪ್ಪ, ಮೂತಿ ಮೇಲೆ ಕುಂಕುಮ...”

“ಆಯುಧಪೂಜೆ ದಿನ ನಾವು ಇಡ್ತಿರ್ಲಿಲ್ವಾ? ಕಮಾಂಡರ್ರೇ ಬಂದು ನನ್ ಭುಜ ತಟ್ಟಿ, ‘ಆಂಜನಪ್ಪ, ನೀನಿಲ್ಲ ಅಂದ್ರೆ ನಮ್ಮ ಒಂದ್ ವಿಮಾನಾನೂ ಮೇಲೆ ಏಳಲ್ಲ’ ಅಂದಿದ್ರು ಕಣೋ!”

ನೆಂಟರು ಚಪ್ಪಾಳೆ ತಟ್ಟಿದರು. ರವೀಶ್ ತನ್ನ ಕುರ್ಚಿಗೆ ಮರಳಿದ. ಆಂಜನಪ್ಪನವರು ಮಗಳ ಮದುವೆಯಾದಾಗಿನಿಂದ ಮೊದಲ ಬಾರಿಗೆ ಅಳಿಯನ ಹೆಗಲ ಮೇಲೆ ಕೈ ಹಾಕಿದರು. ಸುಶ್ಮಿತಾ ಹೋಳಿಗೆ ಬಡಿಸುವಾಗ ಗಂಡನ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿ, “ಹಿಂದಿನ ರೂಮು ನಿಮ್ದೇ” ಎಂದು ಕಿವಿಯಲ್ಲಿ ಹೇಳಿದಳು. ಮುತ್ತುರಾಜ್ ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಆಗ ಬಿಟ್ಟ. ಎದುರಿಗಿದ್ದ ಹಪ್ಪಳ ಹಾರಿತು.

ಹೊಟ್ಟೆ ತುಂಬಿದ ಮೇಲೆ ಅವನೊಳಗಿನ ಬೋಲ್ಟು ಪರೀಕ್ಷಕ ಎಚ್ಚರಗೊಂಡ. ದಿಢೀರ್ ಅಂಟು ಎಂದಾದರೂ ಮಂಜಾಗುವುದುಂಟೆ? ಎಷ್ಟೇ ಪೆಟ್ರೋಲ್ ಕುಡಿದರೂ ವಿಮಾನ ಮಂಡಿಯೂರುತ್ತದೆಯೆ? ಹತ್ತಾರು ವರ್ಷ ಮಿಗ್ಗಿನ ಪಕ್ಕದಲ್ಲೇ ಇದ್ದವರ ಕಣ್ಣಿಗೆ ಇದು ಕಾಣದೆ ಹೋಯಿತೆ? ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಅತ್ತೆ ಲಕ್ಷ್ಮೀದೇವಮ್ಮ ಪಾತ್ರೆಗಳಿಗೆ ನೀರು ಹಾಕುತ್ತಿದ್ದರು.

“ಅತ್ತೆ, ಮಾವ ಏರ್‌ಫೋರ್ಸಲ್ಲಿ ವಿಮಾನದ ಯಾವ ಕಡೆ ಕೆಲ್ಸ ಮಾಡ್ತಿದ್ರು? ಎಂಜಿನ್ನಾ, ರೆಕ್ಕೆನಾ?”

ಲಕ್ಷ್ಮೀದೇವಮ್ಮ ನಡುಮನೆಯ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು.

“ಯಾರ್ಗೂ ಹೇಳ್ಬ್ಯಾಡಿ ಕಣಪ್ಪ. ಸುಶ್ಮಿಗೂ ಗೊತ್ತಿಲ್ಲ. ನಿಮ್ಮಾವ ಅಲ್ಲಿ ಅಡುಗೆ ಮನೇಲಿದ್ರು. ಪೈಲಟ್‌ಗಳಿಗೆ ಪೂರಿ, ಸಾಗು ಮಾಡ್ತಿದ್ರು. ಬೆಳಗ್ಗೆ ಹೊಟ್ಟೆಗೆ ಬೀಳ್ದೆ ಯಾರ್ ತಾನೆ ಇಮಾನ ಹತ್ತಾರು? ಅದ್ಕೇ ಆ ಕಮಾಂಡರ್ರು ಹಂಗಂದಿದ್ದು.”

ಮುತ್ತುರಾಜ್ ಚೊಂಬನ್ನು ಕೆಳಗಿಟ್ಟ.

“ಹಾಗಾದ್ರೆ ವಿಮಾನ?”

“ನೋಡವ್ರೆ. ಅಡುಗೆ ಮನೆ ಕಿಟಕೀಲಿ. ದೂರದಿಂದ.” ಅವರು ನಿಟ್ಟುಸಿರು ಬಿಟ್ಟರು. “ಅನ್ನ ಹಾಕೋ ಕೆಲ್ಸ ಏನ್ ಕಡಿಮೇದಾ? ಹೆಮ್ಮೆಯಾಗಿ ಹೇಳ್ಕೊಳಿ ಅಂತ ನಾನೂ ಹೇಳಿ ಸಾಕಾದೆ. ಊರಿಗೆ ಬಂದ ಹೊಸ್ತರಲ್ಲಿ ಯಾರೋ, ‘ನೀವು ಮಿಗ್ ಮೆಕಾನಿಕ್ಕಾ?’ ಅಂತ ಕೇಳವ್ರೆ. ಇವ್ರು ಹೂಂ ಅಂದವ್ರೆ. ಅವತ್ತಿಂದ ಇಳಿಯಕ್ಕೇ ಆಗಿಲ್ಲ.”

ಮುತ್ತುರಾಜನಿಗೆ ನಗು ಬಂತು. ಆಮೇಲೆ ಎದೆ ಹೂವಿನಂತೆ ಹಗುರಾಯಿತು. ಯಾರ ಕಣ್ಣಿಗೆ ಹೆದರಿ ತಿಂಗಳುಗಟ್ಟಲೆ ನಿದ್ದೆಗೆಟ್ಟನೋ ಆ ಕಣ್ಣು ಪೂರಿ ಉಬ್ಬುವುದನ್ನು ನೋಡುವ ಕಣ್ಣು. ಇನ್ನು ಈ ಜನ್ಮದಲ್ಲಿ ಮಾವನಿಗೆ ಹೆದರಬೇಕಾದ್ದಿಲ್ಲ. ರೂಮು ತನ್ನದಾಯಿತು. ಬಾಗಿಲು ಹಾಕಿಕೊಂಡು, ಯಾರ ಗೊಣಗಾಟವೂ ಇಲ್ಲದೆ, ಚಿಮಟ ಹಿಡಿದು ಕೂರಬಹುದು. ಪಾಪ, ಮುದುಕರ ಗುಟ್ಟು ತನ್ನಲ್ಲೇ ಇರಲಿ ಎಂದುಕೊಂಡ.

“ಯಾರ್ಗೂ ಹೇಳಲ್ಲ ಅತ್ತೆ. ಆಣೆ.”

“ನೀವು ಹೇಳಲ್ಲ ಅಂತ ಗೊತ್ತಿದ್ದೇ ಹೇಳಿದ್ದು ಕಣಪ್ಪ” ಎಂದರು ಲಕ್ಷ್ಮೀದೇವಮ್ಮ.

ಸಂಜೆ ಹೊರಡುವ ಹೊತ್ತಿಗೆ ನಡುಮನೆಯ ಬಾಗಿಲಲ್ಲಿ ಒಂದು ಕಬ್ಬಿಣದ ಟ್ರಂಕು, ಸುತ್ತಿದ ಹಾಸಿಗೆ, ಒಂದು ಊರುಗೋಲು ಇದ್ದವು. ಆಂಜನಪ್ಪನವರು ಬೂಟು ಹಾಕಿಕೊಂಡು ಸಿದ್ಧವಾಗಿದ್ದರು.

“ಅಳಿಯಂದ್ರೇ, ನಡೀರಿ. ಸುಶ್ಮಿ ಹೇಳಿದ್ಲು, ನಿಮಗೊಂದು ರೂಮು ಖಾಲಿ ಮಾಡ್ಕೊಡ್ತಾಳಂತೆ. ಒಳ್ಳೇದಾಯ್ತು. ನಿಮ್ಮ ಕೈಲಿ ವಿದ್ಯೆ ಐತೆ, ಆದ್ರೆ ಪಕ್ಕದಲ್ಲಿ ಬಲ್ಲವ್ರು ಒಬ್ರು ಬೇಕು. ಇನ್ಮೇಲೆ ನಾನು ಆ ರೂಮಲ್ಲೇ ಇರ್ತೀನಿ. ನಾನು ಹೇಳ್ತೀನಿ, ನೀವು ಅಂಟಿಸಿ.”

“ಮಾವ, ನಿಮಗ್ಯಾಕೆ ತೊಂದ್ರೆ, ಆ ವಾಸನೆ...”

“ವಾಸನೆ? ಎಪ್ಪತ್ತೊಂದರ ಯುದ್ಧದ ವಾಸನೆ ನೋಡಿರೋ ಮೂಗಿದು!”

“ಎಷ್ಟ್ ದಿನದ್ ಮಟ್ಟಿಗೆ ಮಾವ?”

“ಇಡೀ ಏರ್‌ಫೋರ್ಸ್ ಮುಗಿಯೋವರ್ಗೂ! ಒಂದೊಂದಾಗಿ ಮಾಡೋಣ. ಮೊದಲ್ನೇದಾಗಿ, ನಾಳೆ ಆ ಹಿಂದಿನ ಬಾಲ ಕಿತ್ತು ಕೂರಿಸ್ಬೇಕು. ಅದೊಂದು ತಪ್ಪಾಗೈತೆ.”

ಇಡೀ ವಿಮಾನದಲ್ಲಿ ಕೂದಲೆಳೆಯೂ ತಪ್ಪಿಲ್ಲದೆ ಕೂತಿದ್ದ ಒಂದೇ ಒಂದು ಭಾಗ ಆ ಬಾಲ. ಮುತ್ತುರಾಜ್ ಬಾಯಿ ತೆರೆದ. ಬಾಗಿಲ ಬಳಿ ನಿಂತಿದ್ದ ಅತ್ತೆಯ ಮುಖ ಕಂಡಿತು. ಬಾಯಿ ಮುಚ್ಚಿಕೊಂಡ. ಸುಶ್ಮಿತಾಳಂತೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪ ಮತ್ತು ಗಂಡ ಇಷ್ಟು ಒಂದಾಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಬಸ್ಸಿನಲ್ಲಿ ಆಂಜನಪ್ಪನವರು ಕಿಟಕಿ ಪಕ್ಕ ಕೂತು, ಮಡಿಲಲ್ಲಿ ಮಿಗ್ ಇಟ್ಟುಕೊಂಡರು. ಹಿಂದಿನ ಸೀಟಿನವರ ಮೇಲೆ ಆಗಲೇ ಅಂಬಾಲಾದ ಮಂಜು ಇಳಿಯತೊಡಗಿತ್ತು. ಮುತ್ತುರಾಜ್ ಕೆಳಗಿಳಿದು, ಬೀಳ್ಕೊಡಲು ಬಂದಿದ್ದ ಅತ್ತೆಗೆ ಕೊನೆಯ ಪ್ರಯತ್ನವೆಂಬಂತೆ, “ಅತ್ತೆ, ನೀವೂ ಬನ್ನಿ, ಇಲ್ಲ ಇವರನ್ನ ಇಲ್ಲೇ ಇಟ್ಕೊಳಿ. ನಿಮಗೊಬ್ರಿಗೇ ಬೇಜಾರಾಗಲ್ವಾ?” ಎಂದ.

ಲಕ್ಷ್ಮೀದೇವಮ್ಮ ಕೋಡುಬಳೆಯ ಡಬ್ಬಿಯನ್ನು ಅವನ ಕೈಗಿಟ್ಟು, ಪ್ರೀತಿಯಿಂದ ಅವನ ಬೆನ್ನು ಸವರಿದರು.

“ಅಪ್ಪಂಗೆ ಒಂದು ಇಮಾನ ಮಾಡಿಸ್ಕೊಡು ಅಂತ ಸುಶ್ಮಿಗೆ ಹೇಳಿದ್ದೇ ನಾನು ಕಣಪ್ಪ. ರಿಟೈರಾಗಿ ಊರಿಗೆ ಬಂದಾಗಿಂದ ಈ ಇಮಾನದ ಕಥೇನ ನಾನೊಬ್ಳೇ ಕೇಳ್ತಾ ಇದ್ದೆ. ಇನ್ ಸ್ವಲ್ಪ ದಿನ ನೀವ್ ಕೇಳಿ.”

ಕಂಡಕ್ಟರು ಸೀಟಿ ಊದಿದ. ಮುತ್ತುರಾಜ್ ಹತ್ತಿ ಕೂತು, ಹಿಂದಿನ ಗಾಜಿನಲ್ಲಿ ನೋಡಿದ. ಲಕ್ಷ್ಮೀದೇವಮ್ಮ ಬಸ್ಸು ತಿರುಗುವವರೆಗೂ ಕಾಯಲಿಲ್ಲ. ಕೈಬೀಸಿಕೊಂಡು, ಮದುವೆಗೆ ಮುಂಚಿನ ಹುಡುಗಿಯ ಹಾಗೆ, ಸರಸರನೆ ಮನೆಯ ಕಡೆ ನಡೆದು ಹೋಗುತ್ತಿದ್ದರು.